ಕೂಸು ಯಾರ ಹೆಸರು ಬೇಡುತ್ತಿತ್ತು

ಮೊದಲ ಮಗಳು ಹುಟ್ಟಿದ ಮೇಲೆ ನನಗೆ ತಿಳಿದುಬಂದ ಸಂಗತಿಯೆಂದರೆ, ಶಹಾಪುರದಲ್ಲಿ ನಿದ್ದೆ ಮಾಡುವವರಿಗೆ ಏನೂ ಕೊರತೆಯಿಲ್ಲ ಎಂಬುದು. ಊರ ಬೆನ್ನಿಗಿರುವ ಗುಡ್ಡವೇ ಬುದ್ಧನ ಹಾಗೆ ಅಂಗಾತ ಮಲಗಿದೆ. ನಮ್ಮ ಮಾವ ಊಟದ ತಾಟು ಸರಿಸುವ ಮೊದಲೇ ಗೊರಕೆ ಹೊಡೆಯುತ್ತಿದ್ದರು. ನನ್ನ ಗಂಡ ಕಾಲುವೆ ಕಚೇರಿಯಲ್ಲಿ ಗುಮಾಸ್ತರು. ಅವರು ಅಲ್ಲಿ ಮಲಗುತ್ತಿದ್ದರೆಂದು ನಾನು ಹೇಳುವುದಿಲ್ಲ, ಸಂಜೆ ಮನೆಗೆ ಬಂದಾಗ ಅವರ ಕೆನ್ನೆಯ ಮೇಲೆ ಫೈಲು ಕಟ್ಟುವ ದಾರದ ಗುರುತು ಇರುತ್ತಿತ್ತು ಎಂದಷ್ಟೇ ಹೇಳುತ್ತೇನೆ. ಇಡೀ ಮನೆಯಲ್ಲಿ ಎಚ್ಚರವಿದ್ದವರು ಇಬ್ಬರು: ನನ್ನ ಮಗಳು, ಅವಳ ಸಲುವಾಗಿ ನಾನು.

ಯಾದಗಿರಿಯ ತವರಿನಲ್ಲಿ ಬಾಣಂತನ ಮುಗಿಸಿ ನಾನು ಗಂಡನ ಮನೆಗೆ ಬಂದಾಗ ಬೇಸಿಗೆ ಶುರುವಾಗಿತ್ತು. ತವರಿನಲ್ಲಿ ತಕ್ಕಮಟ್ಟಿಗೆ ಮಲಗುತ್ತಿದ್ದ ಕೂಸು ಇಲ್ಲಿನ ತೊಟ್ಟಿಲಿಗೆ ಹಾಕಿದ್ದೇ ತಡ, ಕಣ್ಣು ಬಿಟ್ಟದ್ದು ಮುಚ್ಚಲಿಲ್ಲ. ಕಾಲುವೆ ಬಂದ ಹೊಸ ವರ್ಷಗಳು ಅವು. ವನದುರ್ಗದ ಕಡೆಗಿದ್ದ ನಮ್ಮ ಹೊಲಕ್ಕೂ ನೀರು ಹರಿದು, ಜೋಳ ಬಿತ್ತುತ್ತಿದ್ದವರೆಲ್ಲ ಭತ್ತ ಹಚ್ಚತೊಡಗಿದ್ದರು. ನೀರಿನ ಬೆನ್ನಿಗೇ ಸೊಳ್ಳೆಗಳೂ ಬಂದವು. ಊರಿನವರು ಕಾಲುವೆಗೆ ಕಾಯಿ ಒಡೆದು ಕೈಮುಗಿಯುತ್ತಿದ್ದರೆ ನಮ್ಮ ಅತ್ತೆ ಮಾತ್ರ ಅದನ್ನು ಒಂದು ದೊಡ್ಡ ಸೊಳ್ಳೆಯ ಕಾರ್ಖಾನೆ ಎಂದೇ ನೋಡುತ್ತಿದ್ದರು. ಮೊಮ್ಮಗಳನ್ನು ಒಂದು ಸೊಳ್ಳೆಯೂ ಮುಟ್ಟಬಾರದೆಂದು ತಮ್ಮ ಹಳೆಯ ಇಳಕಲ್ ಸೀರೆಯನ್ನು ಮಡಿಸಿ ತೊಟ್ಟಿಲ ಸುತ್ತ ಇಳಿಬಿಟ್ಟರು. ಅದರೊಳಗೆ ಕೂಸಿಗೆ ಉಣ್ಣೆಯ ಟೋಪಿ, ಟೋಪಿಯ ಮೇಲೆ ಕುಂಚಿಗೆ, ಕೈಕಾಲು ಅಲುಗದ ಹಾಗೆ ಸುತ್ತಿದ ಕೌದಿ. ಸಾಲದ್ದಕ್ಕೆ ತೊಟ್ಟಿಲ ಕೆಳಗೆ ಬೇವಿನೆಲೆಯ ಹೊಗೆ.

"ಧಗಿ ಆಗ್ತದೇನೋ ಅತ್ತಿ," ಎಂದೆ ಒಮ್ಮೆ.

"ಕೂಸಿಗಿ ಎಂಥಾ ಧಗಿ? ನೆತ್ತಿ ಇನ್ನಾ ಕೂಡಿಲ್ಲ. ಗಾಳಿ ಹೊಕ್ಕರ ನಿಮ್ಮ ಕಾನ್ವೆಂಟಿನ ಅಮ್ಮಗೋಳು ಬಂದು ತಗೀತಾರೇನು?"

ನಾನು ಟೋಪಿ ಬಿಚ್ಚಿ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅದು ಮತ್ತೆ ತಲೆಯ ಮೇಲಿರುತ್ತಿತ್ತು. ನಾನು ಜಗಳ ಮಾಡುವ ಪೈಕಿ ಅಲ್ಲ. ನಾನು ಓದಿದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ನಮಗೆ ಮೆಲ್ಲಗೆ ಮಾತಾಡಲು ಕಲಿಸಿದ್ದರು. ಹಾಗೆ ಮಾತಾಡಿದರೆ ಶಹಾಪುರದಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂದು ಮಾತ್ರ ಕಲಿಸಿರಲಿಲ್ಲ.

ನಿದ್ದೆ ಬರಿಸುವ ಉಪಾಯಗಳು ಎಲ್ಲ ದಿಕ್ಕಿನಿಂದ ಬಂದವು. ನನ್ನ ತಾಯಿ ಯಾದಗಿರಿಯಿಂದ ಜಾಜಿಕಾಯಿ ಕಳಿಸಿದರು. ಪಕ್ಕದ ಮನೆಯವರು ಶಿರವಾಳದ ಗುಡಿಯಿಂದ ವಿಭೂತಿ ತಂದರು. ನನ್ನ ಗಂಡ ದರ್ಗಾದಿಂದ ತಾಯಿತ ಕಟ್ಟಿಸಿಕೊಂಡು ಬಂದರು. ಕೂಸಿನ ಮೈಮೇಲೆ ಎಲ್ಲ ದೇವರಿಗೂ ಅಷ್ಟಷ್ಟು ಜಾಗ ಸಿಕ್ಕಿತ್ತು, ಗಾಳಿಗೆ ಮಾತ್ರ ಇರಲಿಲ್ಲ. ನನ್ನ ಪಾಲಿನದೂ ಒಂದಿರಲಿ ಎಂದು ನಾನು ಶಾಲೆಯ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ ಹಾಡುತ್ತಿದ್ದೆ.

"ಅದನ್ನ ಹಾಡಬ್ಯಾಡ," ಎನ್ನುತ್ತಿದ್ದರು ಅತ್ತೆ. "ಅದು ಕೇಳಿದ್ರ ಹಾಜರಿ ಹೇಳ್ಲಿಕ್ಕಿ ಎದ್ದು ನಿಂದ್ರಬೇಕು ಅನಸ್ತದ. ಕೂಸು ಹ್ಯಾಂಗ ಮಲಗ್ತದ?"

ಅದು ಖರೆಯೇ ಆಗಿತ್ತು. ನನಗೂ ಹಾಡುವಾಗ ಹಿಮ್ಮಡಿಗಳು ತಾವಾಗಿ ಕೂಡಿಕೊಳ್ಳುತ್ತಿದ್ದವು.

ಈ ನಡುವೆ ಹೆಸರಿನ ತಕರಾರೊಂದು ಬಾಕಿ ಇತ್ತು. ಆ ಮನೆಯಲ್ಲಿ ಹೆಸರಿಡುವುದು ತವರಿನ ತೊಟ್ಟಿಲಲ್ಲಿ ಅಲ್ಲ, ಗಂಡನ ಮನೆಯ ತೊಟ್ಟಿಲಲ್ಲಿ. ನಾನು ಹಾಸ್ಟೆಲಿನಲ್ಲಿದ್ದಾಗಲೇ, ಮದುವೆಯ ಸುದ್ದಿಯೇ ಇಲ್ಲದಾಗ, ಒಂದು ಹೆಸರು ಆರಿಸಿ ಇಟ್ಟುಕೊಂಡಿದ್ದೆ. ಚಿಕ್ಕ ಹೆಸರು. ಕರೆದರೆ ಬಾಯಿ ನೋಯುವುದಿಲ್ಲ, ಬರೆದರೆ ಸಾಲು ಮೀರುವುದಿಲ್ಲ. ಅತ್ತೆಯ ಮನಸ್ಸಿನಲ್ಲಿದ್ದದ್ದು ತೀರಿಹೋದ ತಮ್ಮ ಅತ್ತೆಯ ಹೆಸರು. ಅದರಲ್ಲಿ ಒಬ್ಬ ದೇವರು, ಒಂದು ಊರು, ಕೊನೆಗೊಂದು "ಅವ್ವ" ಇತ್ತು. ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಆ ಕೂಸು ಈಗ ಬೆಳೆದು, ನಾನು ಬರೆದದ್ದನ್ನೆಲ್ಲ ಓದಿ ತಪ್ಪು ಹಿಡಿಯುತ್ತಾಳೆ.

ಒಂದು ಬೆಳಿಗ್ಗೆ ಅತ್ತೆ ಕಸಬರಿಗೆ ನೆಲಕ್ಕಿಟ್ಟು, ಸೊಂಟ ನೆಟ್ಟಗೆ ಮಾಡಿ ಹೇಳಿದರು: "ನನಗ ತಿಳೀತು. ಕೂಸು ಹೆಸರು ಬೇಡಾಕತ್ತದ."

ನಮ್ಮ ಕಡೆ ಹೀಗೊಂದು ನಂಬಿಕೆ ಇದೆ. ಕೂಸು ಮಲಗದೆ ಅತ್ತರೆ, ಮನೆಯಲ್ಲಿ ತೀರಿಹೋದ ಹಿರಿಯರಲ್ಲಿ ಯಾರೋ ಅದರ ರೂಪದಲ್ಲಿ ಬಂದು ತಮ್ಮ ಹೆಸರು ಕೇಳುತ್ತಿದ್ದಾರೆ ಎಂದು ಅರ್ಥ. ಹೆಂಗಸರು ತೊಟ್ಟಿಲ ಸುತ್ತ ಕೂತು ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾರೆ. ಯಾವ ಹೆಸರಿಗೆ ಕೂಸು ಕಣ್ಣು ಮುಚ್ಚುತ್ತದೆಯೋ ಅದೇ ಹೆಸರು. ಅದಕ್ಕೆ ಮೇಲ್ಮನವಿ ಇಲ್ಲ. ಅತ್ತೆ ದೇವರ ಮುಂದಿನ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ್ದಲ್ಲದೆ, ಇಡೀ ಓಣಿಗೆ ಸುದ್ದಿ ಹಬ್ಬಿಸಿ ಬಂದರು.

ನನಗೆ ಲೆಕ್ಕ ಕೂಡಲೇ ಹೊಳೆಯಿತು. ಎಂಥ ಕೂಸಾದರೂ ಅತ್ತೂ ಅತ್ತೂ ಒಂದು ಗಳಿಗೆಗೆ ಸೋತು ಮಲಗಲೇಬೇಕು. ಆಗ ಯಾರ ಹೆಸರು ಹೇಳುತ್ತಿದ್ದರೂ ಅದು ನಾನು ಆರಿಸಿದ್ದಾಗಿರುವುದಿಲ್ಲ, ಏಕೆಂದರೆ ನಾನು ಆರಿಸಿದ ಹೆಸರಿನವರು ಆ ಮನೆಯಲ್ಲಿ ಒಬ್ಬರೂ ಸತ್ತಿರಲಿಲ್ಲ.

ಅತ್ತೆಗೂ ಒಂದು ತೊಡಕಿತ್ತು. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ತಮಗೆ ಬೇಕಾದ ಹೆಸರನ್ನೇ ಅವರು ಹೇಳಲಾರರು. ಹಾಗಾಗಿ ಮಾವನ ಅಕ್ಕನಿಗೆ ಬುಲಾವು ಹೋಯಿತು. ಅವರನ್ನು ಸುರಪುರಕ್ಕೆ ಕೊಟ್ಟಿತ್ತು, ನಾವೆಲ್ಲ ಅವರನ್ನು ಸುರಪುರದಕ್ಕ ಎನ್ನುತ್ತಿದ್ದೆವು. ತೀರಿಹೋದ ಮುದುಕಿ ಅವರಿಗೆ ಹಡೆದ ತಾಯಿ, ತಾಯಿಯ ಹೆಸರು ಹೇಳಲು ಮಗಳಿಗೆ ಯಾರ ಅಡ್ಡಿಯೂ ಇಲ್ಲ.

ಸೋಮವಾರ ಮಧ್ಯಾಹ್ನ ಸುರಪುರದಕ್ಕ ಬಂದಿಳಿದರು. ಹೊಸ್ತಿಲಲ್ಲೇ ಶುರುಮಾಡಿದರು: "ಬಸ್ಸಿನ್ಯಾಗ ಒಬ್ಬಾಕಿ ನನ್ನ ತೊಡಿ ಮ್ಯಾಲೆ ಕುಂತು ಶಹಾಪುರತನಾ ಬಂದಾಳ. ಇಳಿಯೂ ಮುಂದ 'ಜರಾ ಸರೀರಿ' ಅಂದ್ಲು ನೋಡು, ಬೇಕೂಫ! ಎಲ್ಲಿದ್ದಾಳ ಆ ನಿದ್ದಿಗೇಡಿ?"

ಮಾವ ಹೊರಗಿನ ಕಟ್ಟೆಯ ಮೇಲೆ ಟ್ರಾನ್ಸಿಸ್ಟರ್ ಹಚ್ಚಿಕೊಂಡು ಕೂತಿದ್ದರು. ಗಂಡಸರು ತೊಟ್ಟಿಲ ಬಳಿ ಬರುವಂತಿರಲಿಲ್ಲ. ಒಳಗೆ ಅತ್ತೆ ತೊಟ್ಟಿಲ ಹಗ್ಗ ಹಿಡಿದರು. ಅಕ್ಕ ನೀರಿನ ತಂಬಿಗೆ ಮುಂದಿಟ್ಟುಕೊಂಡು, ಹೆಸರಿಗೊಂದು ಜೋಳದ ಕಾಳು ಅದರಲ್ಲಿ ಹಾಕುತ್ತಾ ಕೂತರು. ನಾನು ಗೋಡೆಗೆ ಒರಗಿ, ನನ್ನ ಮಗಳು ಹೇಗಾದರೂ ಎಚ್ಚರವೇ ಇರಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದೆ. ಅಷ್ಟು ದಿನ ಮಲಗಲಿ ಎಂದು ಬೇಡಿದ್ದವಳು ಈಗ ಮಲಗದಿರಲಿ ಎಂದದ್ದು ಕೇಳಿ ಆತ ಏನೆಂದುಕೊಂಡನೋ.

ಮೊದಲ ಕಾಳಿಗೆ ಆ ಉದ್ದನೆಯ ಹೆಸರು ಬಂತು. ಸೀರೆಯೊಳಗಿಂದ ಕೂಸು ಕಿರುಚಿತು.

"ಜೋರಾಗಿ ಅನ್ರಿ ಅಕ್ಕ. ಅವರ ಕಿವಿ ಮಂದ ಇದ್ದವು," ಎಂದರು ಅತ್ತೆ.

ಅಕ್ಕ ಕೂಗಿದರು. ಕೂಸು ಇನ್ನೂ ಜೋರಾಗಿ ಕೂಗಿತು.

"ಒಲ್ಲೆ ಅಂತಾಳ ನಮ್ಮವ್ವ. ಬದುಕಿದ್ದಾಗೂ ಹಿಂಗ, ಕೊಟ್ಟದ್ದು ಒಮ್ಮಿಗೇ ಇಸಗೊಂಡಾಕಿ ಅಲ್ಲ."

"ಇನ್ನೊಮ್ಮಿ ಅನ್ರಿ."

ಮತ್ತೊಮ್ಮೆ, ಮಗದೊಮ್ಮೆ ಹೇಳಿದರೂ ಮುದುಕಿ ಒಪ್ಪಲಿಲ್ಲ. ಕೊನೆಗೆ ಉಳಿದವರ ಸರದಿ ಬಂತು. ಅಕ್ಕ ಒಬ್ಬೊಬ್ಬರ ಹೆಸರಿಗೂ ಒಂದು ಷರಾ ಸೇರಿಸುತ್ತಿದ್ದರು. "ಈಕಿ ಆಗಿರಂಗಿಲ್ಲ ಬಿಡು, ಈಕಿ ಜನ್ಮಾ ಪೂರ್ತಿ ಮಲಗೇ ಕಳದಾಕಿ." ಇನ್ನೊಂದು ಕಾಳು. "ಈಕಿ ಬರೂದೂ ಬ್ಯಾಡವ್ವ, ಬಂದ್ರ ಮನ್ಯಾಗ ಉಪ್ಪಿನಕಾಯಿ ಉಳಿಯಂಗಿಲ್ಲ." ಮತ್ತೊಂದು ಕಾಳು. "ಈಕಿ ಅತ್ತರ ಇಷ್ಟು ಸಣ್ಣ ದನಿ ಇರ್ತಿದ್ದಿಲ್ಲ, ಯಾದಗಿರಿ ಟೇಸನ್‌ತನಾ ಕೇಳತಿತ್ತು." ಅತ್ತೆಯ ಮನೆತನದ ಇತಿಹಾಸವನ್ನು ನಾನು ಕಲಿತದ್ದು ಆ ಮಧ್ಯಾಹ್ನವೇ, ಅದೂ ಆಣೆ ಮಾಡಿ ಹೇಳಬಹುದಾದಷ್ಟು ಖಚಿತವಾಗಿ.

ತಂಬಿಗೆಯ ತಳದಲ್ಲಿ ಕಾಳುಗಳು ದಪ್ಪಗಾದವು, ಸತ್ತವರು ಮುಗಿದುಹೋದರು, ಕೂಸು ಮಾತ್ರ ಅಳುತ್ತಲೇ ಇತ್ತು. ಅತ್ತೆಯ ಕುಪ್ಪಸ ಬೆವರಿಗೆ ಬೆನ್ನಿಗೆ ಅಂಟಿತ್ತು. "ಮಜ್ಜಿಗಿ ತರ್ತೀನಿ, ಬಾಯಿ ಆರಿ ಹೋಯ್ತು," ಎಂದು ಅವರು ಅಡುಗೆಮನೆಗೆ ಎದ್ದುಹೋದರು.

ಸುರಪುರದಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಇಳಕಲ್ ಸೀರೆಯನ್ನು ಎಳೆದು ಮೂಲೆಗೆ ಎಸೆದರು. ಕೂಸಿನ ಹಣೆ ಮುಟ್ಟಿ, "ಯವ್ವ! ಇದೇನ್ ಕೂಸೋ, ಚುನಮರಿ ಹುರಿಯೂ ಭಟ್ಟಿಯೋ?" ಎಂದು ಕುಂಚಿಗೆ ಬಿಚ್ಚಿದರು, ಟೋಪಿ ಕಿತ್ತರು, ಕೌದಿ ಸಡಿಲಿಸಿದರು. ಟೋಪಿಯ ಅಂಚು ಹಣೆಯ ಮೇಲೆ ಕೆಂಪಗೆ ಒಂದು ಗೆರೆ ಕೊರೆದಿತ್ತು. ತೆಳ್ಳನೆಯ ಕೂದಲು ಹಸಿಯಾಗಿ ನೆತ್ತಿಗೆ ಮೆತ್ತಿಕೊಂಡಿತ್ತು. ಅಕ್ಕ ಬೀಸಣಿಗೆ ತೆಗೆದುಕೊಂಡು ತಮಗೆ ಎರಡು ಸಲ, ಕೂಸಿಗೆ ಒಂದು ಸಲ ಎಂಬ ಹಾಗೆ ಬೀಸತೊಡಗಿದರು. ಕೂಸು ಬಿಕ್ಕುವುದು ನಿಲ್ಲಿಸಿತು. ಬಾಯಿ ತೆರೆದು ಗಾಳಿ ಕುಡಿಯಿತು. ಕಣ್ಣಿನ ರೆಪ್ಪೆಗಳು ಅರ್ಧಕ್ಕೆ ಇಳಿದವು.

ಆಗ ಅಕ್ಕ ಹೊರಗಿನ ಕಟ್ಟೆಯತ್ತ ಒಮ್ಮೆ ಕತ್ತು ಚಾಚಿ ನೋಡಿ, ನನಗೆ ಕಣ್ಣು ಹೊಡೆದರು. "ಇನ್ನೊಬ್ಬಾಕಿ ಉಳದಾಳ ನೋಡು. ನಮ್ಮಾಕಿ ಅಲ್ಲ, ಆದ್ರೂ ಸತ್ತಾಕಿ ಸತ್ತಾಕಿನ," ಎಂದು ಒಂದು ಕಾಳು ಹಾಕಿ, ಇಂಪಾಗಿ ಒಂದು ಹೆಸರು ಹೇಳಿದರು.

ಆ ಹೆಸರು ನಾನು ಅದೇ ಮೊದಲ ಸಲ ಕೇಳಿದ್ದು. ಆದರೆ ಯಾರದೆಂದು ಆ ಕಣ್ಣುಸನ್ನೆಯಲ್ಲೇ ಗೊತ್ತಾಯಿತು. ಮಾವ ಹರೆಯದಲ್ಲಿ ಹತ್ತಿ ಮಾರಲು ಸುರಪುರಕ್ಕೆ ಹೋಗುತ್ತಿದ್ದಾಗ, ಹತ್ತಿ ಮಾರಿದ ಮೇಲೂ ದಿನಗಟ್ಟಲೆ ಉಳಿಯುತ್ತಿದ್ದ ಮನೆಯ ಹೆಂಗಸು ಆಕೆ. ಈಗ ತೀರಿಹೋಗಿದ್ದಳು. ನಮ್ಮ ಮನೆಯಲ್ಲಿ ಆಕೆಗೆ ಹೆಸರಿರಲಿಲ್ಲ. ಸುರಪುರದ ಸಂತೆಯ ಮಾತು ಬಂದಾಗೊಮ್ಮೆ ಮಾವನಿಗೆ ಬರುವ ಕೆಮ್ಮು, ಅದೇ ಆಕೆಯ ಹೆಸರು.

ನನ್ನ ಮಗಳು ನಿಡಿದಾಗಿ ಒಂದು ಉಸಿರು ಬಿಟ್ಟು ನಿದ್ದೆಹೋದಳು.

ಹೊರಗೆ ಟ್ರಾನ್ಸಿಸ್ಟರ್ ಬಂದಾಯಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಮಜ್ಜಿಗೆಯ ಚರಿಗೆ ಹಿಡಿದು ನಿಂತಿದ್ದರು.

"ಯಾರ ಹೆಸರಂದ್ರಿ?"

"ಯಾರದೂ ಇಲ್ಲ."

"ಯಾರ ಹೆಸರಂದ್ರಿ ಅಂದೆ."

"ಕೂಸು ಮಲಗ್ಯದ ಇಲ್ಲೊ? ಮಜ್ಜಿಗಿ ತಾ ಇಲ್ಲೆ."

ಅತ್ತೆ ಚರಿಗೆಯನ್ನು ಅಲ್ಲೇ ನೆಲಕ್ಕಿಟ್ಟರು. ಮಜ್ಜಿಗೆ ಒಂದು ಹನಿಯೂ ತುಳುಕಲಿಲ್ಲ, ಅದೇ ನನಗೆ ಭಯ ಹುಟ್ಟಿಸಿತು. ಹೊರಗೆ ಮಾವ ಚಪ್ಪಲಿ ಮೆಟ್ಟುತ್ತಾ, "ಹೊಲಕ್ಕ ನೀರು ಹೊಂಟಾವೇನ ನೋಡಿ ಬರ್ತೀನಿ," ಎಂದು ಯಾರಿಗೂ ಅಲ್ಲದಂತೆ ಹೇಳಿ ಉರಿಬಿಸಿಲಿಗೆ ಇಳಿದರು. ಕಾಲುವೆಗೆ ನೀರು ನಿಲ್ಲಿಸಿ ಆಗಲೇ ವಾರದ ಮೇಲಾಗಿತ್ತು.

ಕೂಸು ದೀಪ ಹಚ್ಚುವ ಹೊತ್ತಿನವರೆಗೆ ಮಲಗಿತು. ಅಷ್ಟು ದಿನ ನಾವೆಲ್ಲ ಕಾದಿದ್ದ ನಿದ್ದೆ ಅದು. ಅದನ್ನು ನೋಡಿ ಖುಷಿಪಡಲು ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಅಕ್ಕ ಸಂಜೆಯ ಬಸ್ಸಿಗೆ ಸುರಪುರಕ್ಕೆ ಪಾರಾದರು. ಅತ್ತೆ ತೊಟ್ಟಿಲ ಬಳಿ ಕೂತು, ಕೂಸನ್ನೇ ನೋಡುತ್ತಿದ್ದರು. ಭಂಡಾರ ಮುಟ್ಟಿ ಮಾಡಿದ ಆಣೆ ಅವರದೇ. ಓಣಿಗೆ ಸಾರಿದವರೂ ಅವರೇ. ನಾಳೆ ಬೆಳಿಗ್ಗೆ ನೀರಿಗೆ ಹೋದರೆ ಎಲ್ಲರೂ ಕೇಳುತ್ತಾರೆ: ಯಾವ ಹೆಸರಿಗೆ ಮಲಗಿತು ಕೂಸು?

ಆ ಹೊತ್ತು ನಾನು ಹಾಸ್ಟೆಲಿನ ದನಿ ಬಿಟ್ಟು, ಕೇಳಿಸುವ ದನಿಯಲ್ಲಿ ಹೇಳಿದೆ: "ಅತ್ತಿ, ಅದು ಹೆಸರಿಗಿ ಮಲಗಿಲ್ರಿ. ಟೋಪಿ ತೆಗದಿದ್ದಕ್ಕ ಮಲಗ್ಯದ. ಧಗಿ ಆಗಿತ್ತು ಅದಕ್ಕ."

ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಕೋಣೆಯಿಂದ ಅಳು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಹೋಗಿ ಇಣುಕಿದರೆ, ಅತ್ತೆ ಟೋಪಿ ಹಾಕಿ ಅಳಿಸುತ್ತಿದ್ದರು, ಟೋಪಿ ತೆಗೆದು ಬೀಸಣಿಗೆ ಬೀಸುತ್ತಿದ್ದರು, ಅಳು ನಿಂತ ಕೂಡಲೇ ಮತ್ತೆ ಟೋಪಿ ಹಾಕುತ್ತಿದ್ದರು. ತುಟಿ ಬಿಗಿದಿತ್ತು, ಒಂದು ಹೆಸರೂ ಹೊರಡುತ್ತಿರಲಿಲ್ಲ. ನಮಗೆ ವಿಜ್ಞಾನ ಕಲಿಸಿದ ಸಿಸ್ಟರ್ ಅದನ್ನು ನೋಡಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ಕೊನೆಯ ಸಲ ಟೋಪಿ ತೆಗೆದಾಗ ಕೂಸು ಯಾರ ಹೆಸರೂ ಇಲ್ಲದೆ ಮಲಗಿತು. ಅತ್ತೆ ಆ ಟೋಪಿಯನ್ನು ಎತ್ತಿಕೊಂಡು ಸೀದಾ ಓಣಿಗೆ ಹೊರಟರು.

"ಹೆಸರಿಲ್ಲ ಗಿಸರಿಲ್ಲ! ಕೂಸಿಗಿ ಧಗಿ ಆಗಿತ್ತು!" ಎಂಬ ದನಿ ಓಣಿಯ ಆ ತುದಿಯಿಂದಲೂ ಕೇಳಿಸಿತು. "ಏ, ನಿನ್ನ ಕೂಸಿಗ್ಯಾಕ ಹಾಕೀದಿ ಅದನ್ನ? ಬುದ್ಧಿ ಅದ ಇಲ್ಲೊ? ತಗಿ ಮೊದ್ಲ!"

ಆ ಬೇಸಿಗೆಯಲ್ಲಿ ನಮ್ಮ ಓಣಿಯ ಕೂಸುಗಳೆಲ್ಲ ಬರಿತಲೆಯಲ್ಲಿದ್ದವು. ನನ್ನ ಗಂಡ ಯಾದಗಿರಿಯಿಂದ ತೆಳ್ಳನೆಯ ಸೊಳ್ಳೆ ಪರದೆ ತಂದರು. ಎಲ್ಲರಿಗೂ ನಿದ್ದೆ ಸಿಕ್ಕಿತು.

ಹೆಸರು ಮಾತ್ರ ಹಾಗೇ ಉಳಿಯಿತು. ಈಗ ಗೆದ್ದವಳು ನಾನು ಎಂದುಕೊಂಡಿದ್ದೆ. ಕೂಸು ಏನೂ ಬೇಡುತ್ತಿರಲಿಲ್ಲ ಎಂದು ಅತ್ತೆಯೇ ಊರಿಗೆಲ್ಲ ಸಾರಿ ಬಂದಿದ್ದರಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಹೊಲದಿಂದ ಬಂದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತಿದ್ದೆವು. ಅತ್ತೆ ಮೊರದಿಂದ ತಲೆ ಎತ್ತದೆ ಹೇಳಿದರು: "ಆಕಿ ಹೆಸರು ಕೇಳಿದ್ರ ನನ್ನ ನಿದ್ದಿ ಹೋಗತಿತ್ತು. ಅಂಥಾದ್ದು ಇಕಿ ಅದ ಹೆಸರಿಗಿ ಮಲಗಬೇಕಂದ್ರ!"

"ಗಾಳಿಗಿ ಮಲಗಿದ್ದು ಅತ್ತಿ."

"ಗೊತ್ತದ ಬಿಡು. ಟೋಪಿ ನಾನ ತೆಗದು ಹಾಕಿ ನೋಡೀನಿ." ಒಂದು ಕಲ್ಲನ್ನು ಹೊರಗೆ ಎಸೆದರು. "ಆಗ ನಾ ಹೊಸಾ ಸೊಸಿ. ಇವರು ಸುರಪುರಕ್ಕ ಹೋದಾವ್ರು ಬರವೊಲ್ರು. ನಮ್ಮತ್ತಿ ಯಾರಿಗೂ ಹೇಳಲಿಲ್ಲ ಕೇಳಲಿಲ್ಲ, ಬಂಡಿ ಕಟ್ಟಿಸ್ಕೊಂಡು ಹೋದ್ರು. ಆ ಮನಿ ಮುಂದ ನಿಂತು ಏನಂದ್ರೋ, ಮಗನ್ನ ಕರಕೊಂಡ ಬಂದ್ರು. ಇವರು ಬಂಡಿ ಹಿಂದ ನಡಕೋತ ಬಂದ್ರು, ಅಲ್ಲಿಂದ ಇಲ್ಲಿತನಾ."

"ಬಂಡ್ಯಾಗ ಜಾಗ ಇದ್ದಿದ್ದಿಲ್ಲೇನು?"

"ಇತ್ತು," ಎಂದರು ಅತ್ತೆ. ಅವರ ತುಟಿಯ ಒಂದು ತುದಿ ಮೇಲೇರಿತು. "ಬಂದಾವ್ರ ನನಗ ಒಂದ ಮಾತಂದ್ರು. 'ಬಾಗಲಾ ನಾ ಹಾಕೀನಿ, ನೀ ಇನ್ನ ಮಲಕೋ ಹೋಗವ್ವ' ಅಂದ್ರು. ಅವತ್ತ ಮಲಗಿದೆ ನೋಡು ನಾ, ಮರುದಿನ ಹೊತ್ತೇರಿದ್ರೂ ಯಾರೂ ಎಬ್ಬಿಸಲಿಲ್ಲ."

ಸತ್ತವರು ಬೇಡಿದ್ದರೆ ನಾನು ಖಂಡಿತ ಕೊಡುತ್ತಿರಲಿಲ್ಲ. ಈಗ ಬೇಡುತ್ತಿದ್ದವರು ನನ್ನ ಎದುರಿಗೆ ಮೊರ ಹಿಡಿದು ಕೂತಿದ್ದರು, ಅದೂ ಬಾಯಿಬಿಟ್ಟು ಬೇಡದೆ. ನಾನು ಒಂದಷ್ಟು ಹೊತ್ತು ಅಕ್ಕಿ ಕೇರಿದೆ. ಆಮೇಲೆ ಹೇಳಿದೆ: "ತೊಟ್ಟಿಲಾಗ ನಿಮ್ಮತ್ತಿ ಹೆಸರು ಇಡೂಣು. ಸಾಲ್ಯಾಗ ನಂದಿರಲಿ."

ಅವರು ಮೊರ ಕೆಳಗಿಟ್ಟರು. "ನಿಮ್ಮ ಸಾಲ್ಯಾಗ ನಮ್ಮತ್ತಿ ಹೆಸರು ಹಿಡಿಯಂಗೂ ಇಲ್ಲ ಬಿಡು," ಎಂದು, ಸೆರಗಿನಿಂದ ಮುಖ ಒರೆಸಿಕೊಂಡರು. ಹೊಟ್ಟು ಕಣ್ಣಿಗೆ ಹೋಗಿತ್ತಂತೆ.

ಹೆಸರಿಡುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ನನ್ನ ಗಂಡನಿಗೆ ಅಕ್ಕತಂಗಿಯರಿಲ್ಲ. ಹಾಗಾಗಿ ಆ ಹಕ್ಕು ಬಂದದ್ದು ಮತ್ತೆ ಸುರಪುರದಕ್ಕನಿಗೇ. ಆ ಬಾಯಿಂದ ಕಿವಿಯೊಳಗೆ ಏನು ಬಿದ್ದೀತೋ ಎಂದು ಅತ್ತೆ ಬೆಳಗಿನಿಂದ ಕುದಿಯುತ್ತಿದ್ದರು. ಅಕ್ಕ ಕೂಸನ್ನು ಎತ್ತಿಕೊಂಡು ಬಾಗಿದಾಗ ಅತ್ತೆಯೂ ಜೊತೆಗೇ ಬಾಗಿದರು.

"ಏನಿದು, ನಿನ್ನ ಕಿವಿ ತಂದು ನನ್ನ ಬಾಯಾಗ ಇಟ್ಟೀದಿ?"

"ನಿಮ್ಮ ಬಾಯಿ ಮ್ಯಾಲೆ ನನಗ ಭರೋಸಾ ಇಲ್ಲ."

ಅಕ್ಕ ಆ ಉದ್ದನೆಯ ಹೆಸರನ್ನೇ ಹೇಳಿದರು, ದೇವರು ಊರು ಅವ್ವ ಒಂದನ್ನೂ ಬಿಡದೆ. ಹೆಸರು ಹೇಳಿದವಳ ಬೆನ್ನಿಗೆ ಸುತ್ತಲಿನ ಹೆಂಗಸರು ಗುದ್ದುವುದು ಪದ್ಧತಿ. ನಾವೆಲ್ಲ ನಗುತ್ತಾ ಮುಟ್ಟಿದ ಹಾಗೆ ಮಾಡಿದೆವು. ಅತ್ತೆಯ ಗುದ್ದು ಮಾತ್ರ ಕಟ್ಟೆಯ ಮೇಲಿದ್ದ ಗಂಡಸರಿಗೂ ಕೇಳಿಸಿತು.

"ಅಯ್ಯಯ್ಯವ್ವ! ಸರಿಯಾಗೇ ಹೇಳೀನಲ್ಲ!"

"ಇದು ಇವತ್ತಿಂದಲ್ಲ," ಎಂದರು ಅತ್ತೆ. ಕಟ್ಟೆಯ ಮೇಲೆ ಮಾವ ಕೆಮ್ಮಿದರು.

ಹೆಸರೇನೋ ಇಟ್ಟಾಯಿತು. ಆದರೆ ಅತ್ತೆ ಅದನ್ನು ಕರೆಯುವಂತಿಲ್ಲ, ಮೊಮ್ಮಗಳಲ್ಲಿದ್ದರೂ ಅದು ಅತ್ತೆಯ ಹೆಸರೇ. ನನ್ನ ಚಿಕ್ಕ ಹೆಸರಿನಿಂದ ಕರೆಯಬಹುದಲ್ಲ ಎಂದೆ. ಅದು ತಮ್ಮ ನಾಲಿಗೆಗೆ ಜಾರುತ್ತದೆ ಎಂದರು. ಆ ದಿನ ಸಂಜೆ ನೆಂಟರೆಲ್ಲ ಹೋದ ಮೇಲೆ ಕೂಸು ಹಟ ಹಿಡಿದಿತ್ತು. ಅತ್ತೆ ತೊಟ್ಟಿಲ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಒಂದು ಕ್ಷಣ ಯೋಚಿಸಿ, ಆ ಮನೆಯಲ್ಲಿ ನಾನು ಅದುವರೆಗೆ ಅವರಿಂದ ಕೇಳದಿದ್ದ ಹುಕುಮಿನ ದನಿಯಲ್ಲಿ ಹೇಳಿದರು:

"ಏ ಅತ್ತಿ! ಸಾಕ್ ಮಾಡು ನಿನ್ನ ಕಿರಿಕಿರಿ. ಇಷ್ಟ್ ಭಾಂಡೆ ತಿಕ್ಕೂವು ಬಿದ್ದಾವ, ನನಗ ಕೆಲಸ ಅದ. ಬಾಗಲಾ ಹಾಕೀನಿ. ಮುಚ್ಚು ಕಣ್ಣು."

ತೊಟ್ಟಿಲೊಳಗಿನ ಅತ್ತೆ ತಿರುಗಿ ಒಂದು ಮಾತೂ ಆಡಲಿಲ್ಲ. ಸೊಸೆಯ ಮುಖವನ್ನು ಒಂದಷ್ಟು ಹೊತ್ತು ನೋಡಿ, ಮುಷ್ಟಿ ಬಾಯಿಗಿಟ್ಟುಕೊಂಡು, ಹೇಳಿದ ಹಾಗೆ ಕಣ್ಣು ಮುಚ್ಚಿದಳು.